ಮುಂದೆ ಒಂದು ಹಲ್ಲು ಕಮ್ಮಿ ಹಾಕಿದರೆ ಪಿಕಪ್ ಬರುತ್ತಾ?

ಚೈನ್ ಸ್ಪ್ರಾಕೆಟ್, ಅಂದರೆ ಚೈನ್ ಮತ್ತು ಅದು ಸುತ್ತುವ ಹಲ್ಲಿನ ಚಕ್ರಗಳನ್ನು (ಎಂಜಿನ್ ಕಡೆಯದು ಮುಂದಿನದು, ಹಿಂಚಕ್ರದ ಕಡೆಯದು ಹಿಂದಿನದು) ಬದಲಿಸಲು ಬರುವ ಸ್ಪೋರ್ಟ್ ಬೈಕಿನ ಹುಡುಗರು ಬೆಲೆ ಕೇಳುವುದಕ್ಕೂ ಮೊದಲು ಹೇಳುವ ಮಾತೊಂದಿದೆ: ‘ಹೇಗೂ ಬಿಚ್ತಾ ಇದ್ದೀರಲ್ಲ ಸಾರ್, ಮುಂದೆ ಒಂದು ಹಲ್ಲು ಕಮ್ಮಿ ಹಾಕಿಬಿಡಿ. ಪಿಕಪ್ ಬರುತ್ತಂತೆ.’ ಬರುತ್ತದೆ, ಸುಳ್ಳಲ್ಲ. ಎಷ್ಟು ಬರುತ್ತದೆ, ಅದಕ್ಕೆ ಬದಲಾಗಿ ಏನು ಹೋಗುತ್ತದೆ ಎಂದು ಲೆಕ್ಕ ಹಾಕಿಕೊಂಡು ಬಂದವರು ಮಾತ್ರ ಅಪರೂಪ.

ಕವಾಸಕಿ ನಿಂಜಾ 300 ತೆಗೆದುಕೊಳ್ಳಿ. ಕಂಪನಿ ಕೊಟ್ಟಿರುವುದು ಮುಂದೆ 14, ಹಿಂದೆ 42 ಹಲ್ಲು. ಹಿಂದಿನದನ್ನು ಮುಂದಿನದರಿಂದ ಭಾಗಿಸಿದರೆ ಅನುಪಾತ ಸರಿಯಾಗಿ 3. ಮುಂದೆ 13 ಹಾಕಿದರೆ ಅದು 3.23 ಆಗುತ್ತದೆ, ಅಂದರೆ ಸುಮಾರು ಶೇ 7.7ರಷ್ಟು ಏರಿಕೆ. ಹಿಂದಿನ ಚಕ್ರಕ್ಕೆ ಸಿಗುವ ಎಳೆತ ಅಷ್ಟು ಹೆಚ್ಚುತ್ತದೆ. ಅದೇ ವೇಗಕ್ಕೆ ಎಂಜಿನ್ನೂ ಅಷ್ಟೇ ಹೆಚ್ಚು ತಿರುಗಬೇಕಾಗುತ್ತದೆ. 6,500 ಆರ್‌ಪಿಎಂನಲ್ಲಿ ಸಿಗುತ್ತಿದ್ದ ವೇಗಕ್ಕೆ ಈಗ 7,000 ಬೇಕು. ಎಂಜಿನ್ನಿನ ಶಕ್ತಿ ಮಾತ್ರ ಒಂದು ಚೂರೂ ಹೆಚ್ಚಿರುವುದಿಲ್ಲ. ಆರನೇ ಗೇರಿನಿಂದ ಐದಕ್ಕೆ ಇಳಿಸಿದರೆ ಇದಕ್ಕಿಂತ ದೊಡ್ಡ ವ್ಯತ್ಯಾಸ ಬಿಟ್ಟಿಯಾಗಿಯೇ ಸಿಗುತ್ತದೆ. ಓವರ್‌ಟೇಕ್ ಮಾಡುವಾಗ ಪಿಕಪ್ ಸಾಲದು ಎನ್ನುವವರಲ್ಲಿ ಎಷ್ಟೋ ಜನಕ್ಕೆ ಬೇಕಿರುವುದು ಸ್ಪ್ರಾಕೆಟ್ ಅಲ್ಲ, ಎಡಗಾಲಿಗೆ ಸ್ವಲ್ಪ ಕೆಲಸ.

ಹಾಗಾಗಿ ನಾನು ತಿರುಗಿ ಕೇಳುವುದು, ಬೈಕ್ ಎಲ್ಲಿ ಓಡುತ್ತದೆ ಎಂದು. ದಿನಾ ಸಿಲ್ಕ್ ಬೋರ್ಡ್ ಜಾಮಿನಲ್ಲಿ ತೆವಳುವವರಿಗೆ 13 ಹಲ್ಲು ನಿಜಕ್ಕೂ ಉಪಕಾರಿ. ಮೊದಲ ಗೇರಿನಲ್ಲಿ ಕ್ಲಚ್ ಪೂರ್ತಿ ಬಿಟ್ಟುಕೊಂಡೇ ಇನ್ನಷ್ಟು ನಿಧಾನವಾಗಿ ಹೋಗಬಹುದು, ಕ್ಲಚ್ ಪ್ಲೇಟ್ ಸವೆಯುವುದೂ ಕಮ್ಮಿ. ಚಾರ್ಮಾಡಿ, ಆಗುಂಬೆಯ ತಿರುವುಗಳಲ್ಲೂ ಚೆನ್ನಾಗಿಯೇ ಇರುತ್ತದೆ. ವಾರಾಂತ್ಯ ಬಂತೆಂದರೆ ಹುಬ್ಬಳ್ಳಿ ದಾಟಿ ಹೋಗುವವರಿಗೆ ಬೇಡ. ದಿನವಿಡೀ ಎಂಜಿನ್ ಕಿರುಚುವುದನ್ನು ಕೇಳಬೇಕು, ಪೆಟ್ರೋಲೂ ಜಾಸ್ತಿ ಕುಡಿಯುತ್ತದೆ. ಟ್ರ್ಯಾಕಿನ ಲೆಕ್ಕವೇ ಬೇರೆ. ಅತಿ ಉದ್ದದ ನೇರ ಹಾದಿಯ ಕೊನೆಯಲ್ಲಿ, ಬ್ರೇಕ್ ಹಿಡಿಯುವ ಮುನ್ನ, ಟಾಪ್ ಗೇರಿನಲ್ಲಿ ಆರ್‌ಪಿಎಂ ಸೂಜಿ ಕೆಂಪು ಗೆರೆಯ ಹತ್ತಿರ ಬರಬೇಕು. ಕೊಯಮತ್ತೂರಿನ ಕರಿ ಸ್ಪೀಡ್‌ವೇಗೆ ಹೊಂದಿಸಿದ ಸ್ಪ್ರಾಕೆಟ್ ಚೆನ್ನೈನ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೂ ಹೊಂದುತ್ತದೆ ಎಂದುಕೊಳ್ಳುವಂತಿಲ್ಲ. ಅಲ್ಲಿನ ನೇರ ಹಾದಿ ಬೇರೆ, ತಿರುವಿನಿಂದ ಹೊರಬರುವ ವೇಗವೂ ಬೇರೆ.

ಇನ್ನು, ಮುಂದಿನ ಹಲ್ಲು ಕಮ್ಮಿ ಮಾಡುವುದೋ, ಹಿಂದಿನದು ಜಾಸ್ತಿ ಮಾಡುವುದೋ? ಮುಂದೆ ಒಂದು ಹಲ್ಲು ತೆಗೆಯುವುದೂ ಹಿಂದೆ ಮೂರು ಸೇರಿಸುವುದೂ ಅನುಪಾತದಲ್ಲಿ ಹೆಚ್ಚುಕಡಿಮೆ ಒಂದೇ: 14/45 ಹಾಕಿದರೆ 3.21. ಮುಂದಿನದು ಅಗ್ಗ, ಕೆಲಸವೂ ಬೇಗ ಮುಗಿಯುತ್ತದೆ, ಪರೀಕ್ಷೆ ಮಾಡಿ ನೋಡಲು ಅದೇ ಸರಿ. ಆದರೆ ಸ್ಪ್ರಾಕೆಟ್ ಚಿಕ್ಕದಾದಷ್ಟೂ ಪ್ರತಿ ಲಿಂಕ್ ಹೆಚ್ಚು ಮಡಚಿಕೊಂಡು ಸುತ್ತಬೇಕು. ಚೈನ್ ಬೇಗ ಸವೆಯುತ್ತದೆ, ಓಟದಲ್ಲಿ ಸಣ್ಣ ನಡುಕ ಬರುತ್ತದೆ, ಕೆಲವು ಬೈಕುಗಳಲ್ಲಿ ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್ ಮೇಲಿನ ರಬ್ಬರ್ ಪಟ್ಟಿಗೆ ಚೈನ್ ಉಜ್ಜುತ್ತದೆ. ಪ್ರಯೋಗ ಇಷ್ಟವಾಯಿತು, ಹಾಗೇ ಇಟ್ಟುಕೊಳ್ಳುತ್ತೇನೆ ಎನ್ನುವವರಿಗೆ ನಾನು ಹಿಂದಿನದನ್ನೇ ದೊಡ್ಡದು ಮಾಡಿಸಿ ಎನ್ನುತ್ತೇನೆ.

ಇಲ್ಲಿ ಚೈನಿನ ಉದ್ದವನ್ನು ಮರೆಯುವಂತಿಲ್ಲ. 520 ನಂಬರಿನ ಚೈನಿನಲ್ಲಿ ಒಂದು ಪಿಚ್, ಅಂದರೆ ಪಕ್ಕಪಕ್ಕದ ಎರಡು ಪಿನ್ನುಗಳ ನಡುವಿನ ಅಂತರ, 15.875 ಮಿ.ಮೀ. ಅದೇ ಚೈನ್ ಇಟ್ಟುಕೊಂಡು ಹಿಂದೆ ಒಂದು ಹಲ್ಲು ಸೇರಿಸಿದರೆ ಹಿಂಚಕ್ರದ ಆಕ್ಸಲ್ (ಅಚ್ಚು) ಸುಮಾರು 4 ಮಿ.ಮೀ. ಮುಂದೆ ಬರಬೇಕು. ಮೂರು ಹಲ್ಲಿಗೆ 12 ಮಿ.ಮೀ. ಚೈನ್ ಅಡ್ಜಸ್ಟರಿನಲ್ಲಿ ಅಷ್ಟು ಜಾಗ ಇರದಿದ್ದರೆ ಎರಡು ಲಿಂಕ್ ಹೆಚ್ಚಿರುವ ಚೈನ್ ಬೇಕು. ಮುಂದೆ ಒಂದು ಹಲ್ಲು ತೆಗೆದರೆ ಉಲ್ಟಾ, ಆಕ್ಸಲ್ 4 ಮಿ.ಮೀ. ಹಿಂದೆ ಹೋಗುತ್ತದೆ. ಈ ಮಿಲಿಮೀಟರುಗಳು ರಸ್ತೆಯಲ್ಲಿ ಅಷ್ಟಾಗಿ ಗೊತ್ತಾಗದಿದ್ದರೂ ರೇಸ್ ಮೆಕ್ಯಾನಿಕ್‌ಗಳು ಇವನ್ನೇ ಹಿಡಿದು ವೀಲ್‌ಬೇಸ್ (ಎರಡು ಚಕ್ರಗಳ ನಡುವಿನ ಅಂತರ) ಹೊಂದಿಸುತ್ತಾರೆ.

ಚೈನಿನ ನಂಬರ್ ಓದುವುದು ಸುಲಭ. ಮೊದಲ ಅಂಕಿ ಪಿಚ್, ಇಂಚಿನ ಎಂಟನೇ ಭಾಗಗಳಲ್ಲಿ. ಉಳಿದೆರಡು ಒಳ ಅಗಲ. 520, 525, 530 ಮೂರಕ್ಕೂ ಪಿಚ್ ಒಂದೇ, ಅಗಲ ಬೇರೆ. ಯಮಹಾ ಆರ್15ರ 428 ಇವುಗಳ ಜೊತೆ ಯಾವ ರೀತಿಯಲ್ಲೂ ಕೂಡುವುದಿಲ್ಲ. 600 ಸಿಸಿ ಸೂಪರ್‌ಸ್ಪೋರ್ಟ್‌ಗಳಲ್ಲಿ ಸಾಮಾನ್ಯವಾಗಿ 525 ಇರುತ್ತದೆ. ರೇಸಿನವರು ತೂಕ ಇಳಿಸಲು 520ಕ್ಕೆ ಬದಲಿಸುತ್ತಾರೆ. ಆಗ ಎರಡೂ ಸ್ಪ್ರಾಕೆಟ್ ಬದಲಾಗಬೇಕು. ಅಂಗಡಿಯಲ್ಲಿ ಸಿಗುವ 520ಗಳೆಲ್ಲ ಒಂದೇ ಗಟ್ಟಿಯಲ್ಲ. ಸಣ್ಣ ಬೈಕಿಗೆಂದು ಮಾಡಿದ 520 ಅನ್ನು 100 ಕುದುರೆಶಕ್ತಿಯ ಬೈಕಿಗೆ ಹಾಕುವುದು ಪ್ರಾಣದ ಜೊತೆ ಚೌಕಾಸಿ. ತಯಾರಕರ ಪಟ್ಟಿಯಲ್ಲಿ ಎಷ್ಟು ಸಿಸಿವರೆಗೆ ಎಂದು ಬರೆದಿರುತ್ತದೆ, ನೋಡಿ ಕೊಳ್ಳಿ. ಹಿಂದೆ ಅಲ್ಯೂಮಿನಿಯಂ ಸ್ಪ್ರಾಕೆಟ್ ಹಗುರ, ಕಣ್ಣಿಗೂ ಚೆಂದ. ನಮ್ಮ ಧೂಳು, ಮಳೆಯಲ್ಲಿ ಬಹಳ ಬೇಗ ಸವೆಯುತ್ತದೆ. ರಸ್ತೆಗೆ ಸ್ಟೀಲ್ ಸಾಕು.

ಇನ್ನೊಂದು ಸಣ್ಣ ವಿಷಯ, ನನಗೆ ಇಷ್ಟವಾದದ್ದು. ಚೈನಿನಲ್ಲಿ ಒಳ ಲಿಂಕ್, ಹೊರ ಲಿಂಕ್ ಒಂದರ ಪಕ್ಕ ಒಂದು ಬರುವುದರಿಂದ ಒಟ್ಟು ಲಿಂಕುಗಳು ಯಾವಾಗಲೂ ಸಮಸಂಖ್ಯೆ. ಸ್ಪ್ರಾಕೆಟ್ಟಿನ ಹಲ್ಲೂ ಸಮಸಂಖ್ಯೆಯಾದರೆ ಒಂದೊಂದು ಹಲ್ಲಿಗೂ ಸದಾ ಒಂದೇ ಬಗೆಯ ಲಿಂಕ್ ಬಂದು ಕೂರುತ್ತದೆ. ಬೆಸಸಂಖ್ಯೆಯಾದರೆ ಸವೆತ ಹಂಚಿಹೋಗುತ್ತದೆ.

ಚೈನ್ ‘ಉದ್ದವಾಗುವುದು’ ಲೋಹ ಹಿಗ್ಗಿ ಅಲ್ಲ, ಪಿನ್ನು, ಬುಷ್ ಸವೆದು. ಚೈನನ್ನು ಬಿಗಿಯಾಗಿ ಎಳೆದು 20 ಲಿಂಕ್ ಅಳೆಯಿರಿ: ಹೊಸ 520ರಲ್ಲಿ 317.5 ಮಿ.ಮೀ., ಕವಾಸಕಿ ಕೊಡುವ ಮಿತಿ 323. ಅದು ದಾಟಿದರೆ ಚೈನ್, ಎರಡು ಸ್ಪ್ರಾಕೆಟ್ ಮೂರನ್ನೂ ಒಟ್ಟಿಗೇ ಬದಲಿಸಿ. ಹಳೆಯ ಸ್ಪ್ರಾಕೆಟ್ ಮೇಲೆ ಹೊಸ ಚೈನ್ ಹಾಕಿಸಿಕೊಂಡವರು ಉಳಿಸಿದ ದುಡ್ಡಿಗಿಂತ ಹೆಚ್ಚು ಕಳೆದುಕೊಳ್ಳುತ್ತಾರೆ. ಓ-ರಿಂಗ್ ಅಥವಾ ಎಕ್ಸ್-ರಿಂಗ್ ಚೈನನ್ನು ಪೆಟ್ರೋಲಿನಲ್ಲಿ ತೊಳೆದು ಕಬ್ಬಿಣದ ಬ್ರಷ್ಷಿನಿಂದ ತಿಕ್ಕಬೇಡಿ. ಒಳಗಿನ ಗ್ರೀಸ್ ಹಿಡಿದಿಡುವುದು ಆ ರಿಂಗುಗಳೇ. ಚೈನಿನ ಎರಡು ತುದಿಗಳ ಜೋಡಣೆಗೆ ದೊಡ್ಡ ಬೈಕಾದರೆ ರಿವೆಟ್ ಲಿಂಕ್. ಕ್ಲಿಪ್ ಲಾಕ್ ಆಗಿದ್ದರೆ ಅದರ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಬೇಕು.

ಕೊನೆಗೆ ಮೀಟರ್. ಮುಂದಿನ ಚಕ್ರದಿಂದ ವೇಗ ಓದುವ ಬೈಕುಗಳಿಗೆ ಏನೂ ಆಗುವುದಿಲ್ಲ. ಗೇರ್‌ಬಾಕ್ಸ್ ಕಡೆಯಿಂದ ಓದುವ ಬೈಕಿನಲ್ಲಿ 14ರ ಜಾಗಕ್ಕೆ 13 ಹಾಕಿದರೆ ಸ್ಪೀಡೋಮೀಟರ್ ಮೊದಲಿಗಿಂತ ಜಾಸ್ತಿ ತೋರಿಸುತ್ತದೆ, ಓಡೋಮೀಟರೂ ಪ್ರತಿ 1,000 ಕಿ.ಮೀ.ಗೆ ಸುಮಾರು 77 ಕಿ.ಮೀ. ಹೆಚ್ಚಿಗೆ ಎಣಿಸುತ್ತದೆ. ಮುಂದೆ ಬೈಕ್ ಮಾರುವ ಯೋಚನೆಯಿದ್ದರೆ ಇದೂ ಲೆಕ್ಕದಲ್ಲಿರಲಿ.