ಬೆಕ್ಕಿನ ಮರಿಯ ಬಾಯಿ ನಾತ: ಮೀನಿನದ್ದೇ ತಪ್ಪಾ?

ಓದುಗರ ಪ್ರಶ್ನೆ: ನಮ್ಮದು ಉಡುಪಿ ಹತ್ತಿರ ಸಂತೆಕಟ್ಟೆ. ಮನೆಯಲ್ಲಿ ಐದು ತಿಂಗಳ ಬೆಕ್ಕಿನ ಮರಿ ಇದೆ. ಕೆಲವು ದಿನಗಳಿಂದ ಅದರ ಬಾಯಿ ನಾತ ಹೊಡೆಯುತ್ತಿದೆ. ಮುದ್ದು ಮಾಡಿಸಿಕೊಳ್ಳಲು ಮುಖದ ಹತ್ತಿರ ಬಂದರೆ ನಾವೇ ಮುಖ ತಿರುಗಿಸಬೇಕು. "ಬೂತಾಯಿ ತಿನ್ನುವ ಬಾಯಲ್ಲಿ ಮಲ್ಲಿಗೆ ಪರಿಮಳ ಬರುತ್ತದಾ?" ಎಂದು ಅತ್ತೆ ನಗುತ್ತಾರೆ. ಮೀನು ನಿಲ್ಲಿಸಿದರೆ ಸರಿಹೋಗುತ್ತದಾ? ಡಾಕ್ಟರಿಗೆ ತೋರಿಸಬೇಕಾ? ನಮ್ಮ ಪೇಸ್ಟಿನಲ್ಲೇ ಅದರ ಹಲ್ಲು ಉಜ್ಜಬಹುದಾ?

ಉತ್ತರ: ನಿಮ್ಮ ಅತ್ತೆ ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ. ಬೂತಾಯಿ ತಿಂದ ಕೂಡಲೇ ಮರಿ ಬಂದು ಮಡಿಲಲ್ಲಿ ಕೂತರೆ ಬರುವುದು ಬೂತಾಯಿಯದ್ದೇ ವಾಸನೆ. ಅದು ಊಟದ ವಾಸನೆ, ಬಾಯಿಯದ್ದಲ್ಲ. ಮುಖ ನೆಕ್ಕಿಕೊಂಡು, ನೀರು ಕುಡಿದು, ಒಂದು ನಿದ್ದೆ ತೆಗೆದು ಎದ್ದರೆ ಹೋಗಿರುತ್ತದೆ. ಹೋಗದೆ ಉಳಿಯುವ ನಾತಕ್ಕೆ ಬೇರೆ ಕಾರಣ ಹುಡುಕಬೇಕು.

ಪರೀಕ್ಷೆ ಸುಲಭ. ಬೆಳಿಗ್ಗೆ ಎದ್ದ ಮೇಲೆ, ತಿನ್ನಲು ಏನೂ ಹಾಕುವ ಮೊದಲು ಮರಿಯ ಬಾಯಿ ಮೂಸಿ ನೋಡಿ. ಏನೂ ಇಲ್ಲದಿದ್ದರೆ ಮೀನು. ಆಗಲೂ ಕೊಳೆತ ನಾತ ಇದ್ದರೆ ಬಾಯಿಯೊಳಗೆ ಏನೋ ನಡೆಯುತ್ತಿದೆ. ಹಲ್ಲಿನ ಬುಡದಲ್ಲಿ ಕೂತ ಬ್ಯಾಕ್ಟೀರಿಯಾಗಳು ಅಲ್ಲಿ ಸಿಕ್ಕಿಕೊಂಡ ಆಹಾರ, ರಕ್ತ, ಸತ್ತ ಜೀವಕೋಶಗಳನ್ನು ಕೊಳೆಸಿ ಗಂಧಕದ ಅನಿಲ ಬಿಡುತ್ತವೆ. ಕೊಳೆತ ಮೊಟ್ಟೆಯಿಂದ ಬರುವ ಹೈಡ್ರೋಜನ್ ಸಲ್ಫೈಡ್ ಅದರಲ್ಲೊಂದು. ಮೀನಿನ ವಾಸನೆಯೂ ಇದೂ ಒಂದೇ ಅಲ್ಲ. ದಿನಾ ಮೀನು ಮಾಡುವ ಮನೆಯ ಮೂಗಿಗೆ ಈ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಗುತ್ತದೆ. ನಮ್ಮ ಕರಾವಳಿಯ ತೊಂದರೆ ಏನೆಂದರೆ, ಬೆಕ್ಕಿಗೆ ಏನಾದರೂ ಮೀನಿನ ತಲೆಗೆ ಕಟ್ಟಿ ಸುಮ್ನೆ ಇದ್ದುಬಿಡುತ್ತೇವೆ. ಎಷ್ಟೋ ಬೆಕ್ಕುಗಳ ಹಲ್ಲಿನ ರೋಗ ಅದರಿಂದಲೇ ತಡವಾಗಿ ಗೊತ್ತಾಗುವುದು.

ಇನ್ನು ನಿಮ್ಮ ಮರಿಯ ವಯಸ್ಸು. ಪ್ರಶ್ನೆಯಲ್ಲಿ ನನಗೆ ಸಮಾಧಾನ ಕೊಟ್ಟ ಸಂಗತಿ ಅದೇ. ಬೆಕ್ಕಿನ ಮರಿ ಹುಟ್ಟುವಾಗ ಬೊಚ್ಚುಬಾಯಿ. ಎರಡು ಮೂರು ವಾರಕ್ಕೆ ಮುಂದಿನ ಪುಟ್ಟ ಹಲ್ಲುಗಳು ಕಾಣಿಸುತ್ತವೆ. ಎರಡು ತಿಂಗಳಾಗುವಷ್ಟರಲ್ಲಿ 26 ಹಾಲುಹಲ್ಲುಗಳೂ ಬಂದಿರುತ್ತವೆ. ಮೂರೂವರೆ ನಾಲ್ಕು ತಿಂಗಳಿಗೆ ಇವು ಬೀಳಲು ಶುರು. ಆರೇಳು ತಿಂಗಳಿಗೆ 30 ಶಾಶ್ವತ ಹಲ್ಲುಗಳ ಬಾಯಿ ತಯಾರು. ಅಂದರೆ ನಿಮ್ಮ ಮರಿ ಈಗ ಹಲ್ಲು ಬದಲಾಯಿಸುವ ಗಡಿಬಿಡಿಯ ನಡುವೆ ಇದೆ. ಒಸಡು ಅಲ್ಲಲ್ಲಿ ಕೆಂಪಾಗುತ್ತದೆ, ಸ್ವಲ್ಪ ರಕ್ತ ಬರುತ್ತದೆ, ಹಲ್ಲು ಬಿದ್ದ ಗುಳಿಯಲ್ಲಿ ಅನ್ನದ ಚೂರು ಕೂರುತ್ತದೆ. ಬಾಯಿ ಸ್ವಲ್ಪ ನಾರುವುದು ಸಹಜ. ಬಿದ್ದ ಹಲ್ಲು ಹೆಚ್ಚಾಗಿ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಮರಿ ಊಟದ ಜೊತೆ ನುಂಗಿಬಿಡುತ್ತದೆ. ಅದರಿಂದ ತೊಂದರೆ ಇಲ್ಲ. ಅಪರೂಪಕ್ಕೆ ಗುಡಿಸುವಾಗ ಅಕ್ಕಿ ನುಚ್ಚಿನಂಥ ಬಿಳಿ ಚೂರು ಸಿಗುತ್ತದೆ.

ಹಲ್ಲು ಬರುವಾಗ ಬಾಯಿ ನವೆಯಾಗುವುದರಿಂದ ಮರಿ ಸಿಕ್ಕಿದ್ದೆಲ್ಲ ಕಚ್ಚುತ್ತದೆ. ಚಪ್ಪಲಿ ಕಚ್ಚಿದರೆ ಚಪ್ಪಲಿ ಮಾತ್ರ ಹೋಗುತ್ತದೆ. ಮೊಬೈಲ್ ಚಾರ್ಜರಿನ ವೈರು ಕಚ್ಚಿದರೆ ನಾಲಿಗೆ, ಅಂಗಳು ಸುಡುತ್ತದೆ, ಜೀವವೇ ಹೋಗಬಹುದು. ಸುಟ್ಟ ಗಾಯ ಕೊಳೆತು ಆಮೇಲೆ ನಾತ ಶುರುವಾಗುವುದೂ ಉಂಟು. ಈ ಎರಡು ಮೂರು ತಿಂಗಳು ಕೆಲಸ ಮುಗಿದ ಕೂಡಲೇ ಪ್ಲಗ್ ಕಿತ್ತು ವೈರು ಎತ್ತಿಡಿ.

ಆದರೂ ಹಲ್ಲು ಬರುತ್ತಿದೆ ಎಂದು ನಂಬಿ ಕೂರುವುದಕ್ಕಿಂತ ಒಮ್ಮೆ ಬಾಯಿ ನೋಡಿಬಿಡುವುದು ಒಳ್ಳೆಯದು. ಮರಿ ಹೊಟ್ಟೆ ತುಂಬಿ ತೂಕಡಿಸುವ ಹೊತ್ತು ಆರಿಸಿ. ಕಿಟಕಿ ಬೆಳಕಿಗೆ ಕೂತು, ಮರಿಯ ಬೆನ್ನು ನಿಮ್ಮ ಹೊಟ್ಟೆಗೆ ತಾಗುವ ಹಾಗೆ ಮಡಿಲಲ್ಲಿ ಕೂರಿಸಿ. ಎಡಗೈಯನ್ನು ತಲೆಯ ಮೇಲಿನಿಂದ ಹಾಕಿ ಕೆನ್ನೆ ಮೂಳೆಗಳನ್ನು ಮೆಲ್ಲಗೆ ಹಿಡಿಯಿರಿ. ಬಲಗೈ ಹೆಬ್ಬೆರಳಿನಿಂದ ಮೇಲ್ತುಟಿಯನ್ನು ಒಂದು ಬದಿಯಿಂದ ಎತ್ತಿ. ಬಾಯಿ ತೆರೆಸಬೇಕಾಗಿಲ್ಲ, ತುಟಿ ಎತ್ತಿದರೆ ಮುಕ್ಕಾಲು ಪಾಲು ಕಾಣುತ್ತದೆ. ಮರಿ ಕೊಸರಿದರೆ ಬಿಟ್ಟುಬಿಡಿ, ಸಂಜೆ ಇನ್ನೊಂದು ಬದಿ ನೋಡಿದರಾಯಿತು.

ಒಸಡು ತಿಳಿ ಗುಲಾಬಿ ಬಣ್ಣದಲ್ಲಿದ್ದರೆ ಸರಿ. ಕೇಸರಿ ಬಣ್ಣದ ಬೆಕ್ಕುಗಳ ತುಟಿ, ಒಸಡಿನ ಮೇಲೆ ಕಪ್ಪು ಚುಕ್ಕೆ ಇದ್ದರೆ ಗಾಬರಿ ಬೇಡ, ಅದು ಮಚ್ಚೆ ಅಷ್ಟೆ. ಹೊಸ ಹಲ್ಲು ಮೇಲೇಳುತ್ತಿರುವ ಜಾಗದಲ್ಲಿ ಮಾತ್ರ ಕೆಂಪಿದ್ದರೆ ಅದೂ ಸರಿ. ಹಾಗಲ್ಲದೆ ಎಲ್ಲಾ ಹಲ್ಲಿನ ಬುಡದಲ್ಲೂ ಗೆರೆ ಎಳೆದ ಹಾಗೆ ಕೆಂಪು ಇದ್ದರೆ ಅದು ಒಸಡಿನ ಉರಿಯೂತ. ಕೆಲವು ಮರಿಗಳಿಗೆ ಹಲ್ಲು ಬದಲಾದ ಮೇಲೆ ಈ ಉರಿಯೂತ ಇಳಿಯುವುದೇ ಇಲ್ಲ, ಒಸಡು ದಪ್ಪಗಾಗಿ ಹಲ್ಲಿನ ಮೇಲೇ ಬೆಳೆಯುತ್ತದೆ, ಮುಟ್ಟಿದರೆ ರಕ್ತ. ಸಾದಾ ಊರ ಬೆಕ್ಕಿಗೂ ಬರಬಹುದು. ಪರ್ಷಿಯನ್, ಸಯಾಮೀಸ್, ಮೇನ್ ಕೂನ್ ತಳಿಗಳಲ್ಲಿ ಜಾಸ್ತಿ. ಮಂಗಳೂರಿನ ಫ್ಲ್ಯಾಟುಗಳಲ್ಲಿ ಪರ್ಷಿಯನ್ ಸಾಕುವವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. ಸಮಯಕ್ಕೆ ಸರಿಯಾಗಿ ಹಲ್ಲು ಸ್ವಚ್ಛ ಮಾಡಿಸಿ, ಮನೆಯಲ್ಲಿ ದಿನಾ ಉಜ್ಜಿದರೆ ಹಿಡಿತಕ್ಕೆ ಬರುತ್ತದೆ. ಬಿಟ್ಟರೆ ಚಿಕ್ಕ ವಯಸ್ಸಿಗೇ ಹಲ್ಲು ಹಿಡಿದಿರುವ ಮೂಳೆ ಸವೆಯುತ್ತದೆ.

ಕೋರೆಹಲ್ಲನ್ನು ವಿಶೇಷವಾಗಿ ನೋಡಿ. ಒಂದೇ ಜಾಗದಲ್ಲಿ ಎರಡು ಕೋರೆಹಲ್ಲು, ಒಂದು ತೆಳ್ಳಗೆ ಚೂಪು, ಪಕ್ಕದ್ದು ದಪ್ಪ, ಹೀಗೆ ಕಂಡರೆ ಹಾಲುಹಲ್ಲು ಬೀಳದೆ ಕೂತಿದೆ ಎಂದರ್ಥ. ಕೆಲವು ದಿನ ಜೋಡಿ ಇರುವುದು ಮಾಮೂಲು. ಹೊಸ ಹಲ್ಲು ಪೂರ್ತಿ ಬಂದ ಮೇಲೂ ಹಳೆಯದು ಜಾಗ ಬಿಡದಿದ್ದರೆ ಎರಡರ ಸಂದಿಯಲ್ಲಿ ಆಹಾರ ಸಿಕ್ಕಿ ಕೊಳೆಯುತ್ತದೆ, ಹೊಸ ಹಲ್ಲೂ ಸೊಟ್ಟಗಾಗುತ್ತದೆ. ಅದನ್ನು ತೆಗೆಸಲೇಬೇಕು. ಮನೆಯಲ್ಲಿ ಅಲ್ಲಾಡಿಸಿ ಕೀಳಲು ಹೋಗಬೇಡಿ. ಬೇರು ಉದ್ದ ಇರುತ್ತದೆ, ಒಳಗೇ ಮುರಿಯುತ್ತದೆ.

ನಾಲಿಗೆಯ ಮೇಲೆ ಹುಣ್ಣು, ಜೊತೆಗೆ ಶೀನು, ಕಣ್ಣಲ್ಲಿ ನೀರು, ಜೊಲ್ಲು ಇದ್ದರೆ ಕ್ಯಾಲಿಸಿ ವೈರಸ್ಸಿನ ಜ್ವರ ಇರಬಹುದು. ಬೀದಿಯಿಂದ ಎತ್ತಿ ತಂದ ಮರಿಗಳಲ್ಲಿ ಇದು ಸಾಮಾನ್ಯ. ಎಂಟು ವಾರದ ಸುಮಾರಿಗೆ ಶುರು ಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ ಹಾಕಿಸುವ ಬೆಕ್ಕಿನ ಲಸಿಕೆಯಲ್ಲಿ ಇದಕ್ಕೂ ರಕ್ಷಣೆ ಇದೆ. ಹಾಕಿಸದಿದ್ದರೆ ಈಗಲೂ ತಡವಾಗಿಲ್ಲ. ರೇಬಿಸ್ ಲಸಿಕೆ ಬೇರೆಯೇ, ಅದನ್ನೂ ಕೇಳಿ ಹಾಕಿಸಿ. ಇಲ್ಲೇ ಒಂದು ಮಾತು: ಲಸಿಕೆ ಆಗದ ಬೀದಿ ಮರಿ ಜೊಲ್ಲು ಸುರಿಸುತ್ತಾ, ನುಂಗಲಾಗದೆ, ವಿಚಿತ್ರವಾಗಿ ಆಡುತ್ತಿದ್ದರೆ ಅದರ ಬಾಯಿಗೆ ಕೈ ಹಾಕಲೇಬೇಡಿ. ಕಚ್ಚಿದ್ದರೆ ಅಥವಾ ಪರಚಿದ್ದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ತೆಗೆದುಕೊಳ್ಳಿ.

ನಮ್ಮ ಕಡೆ ಮರೆಯಬಾರದ ಇನ್ನೊಂದು ಕಾರಣ ಮುಳ್ಳು. ಬಂಗುಡೆಯ ಮುಳ್ಳು ಮೇಲಿನ ಹಲ್ಲುಗಳ ನಡುವೆ ಅಂಗಳಿಗೆ ಅಡ್ಡ ಕೂತುಬಿಡುತ್ತದೆ. ಮರಿ ಮುಂಗಾಲಿನಿಂದ ಬಾಯಿ ಕೆರೆಯುತ್ತದೆ, ನಾಲಿಗೆ ಹೊರಗೆ ಒಳಗೆ ಆಡಿಸುತ್ತಲೇ ಇರುತ್ತದೆ, ಆಮೇಲೆ ನಾತ. ಇಷ್ಟೇ ಆದರೆ ಡಾಕ್ಟರ್ ಇಕ್ಕಳದಲ್ಲಿ ತೆಗೆದುಬಿಡುತ್ತಾರೆ. ದಾರ ಮಾತ್ರ ಹಾಗಲ್ಲ. ಹೂ ಕಟ್ಟುವ ದಾರ, ಹೊಲಿಗೆ ನೂಲು, ಗಾಳದ ತಂಗೂಸಿ, ಯಾವುದೇ ಇರಲಿ. ಅದರ ಒಂದು ತುದಿ ನಾಲಿಗೆಯ ಬುಡಕ್ಕೆ ಸುತ್ತಿಕೊಂಡು ಇನ್ನೊಂದು ತುದಿ ಕರುಳಿಗೆ ಇಳಿದಿರಬಹುದು. ಬಾಯಲ್ಲಿ ದಾರ ಕಂಡರೆ ಎಳೆಯಬೇಡಿ. ಎಳೆದರೆ ಕರುಳು ಕೊಯ್ದುಹೋಗುತ್ತದೆ. ಹಾಗೇ ಎತ್ತಿಕೊಂಡು ಡಾಕ್ಟರ ಹತ್ತಿರ ಓಡಿ.

ಈಗ ಮೀನು ನಿಲ್ಲಿಸಬೇಕಾ ಎಂಬ ಪ್ರಶ್ನೆ. ನಾತಕ್ಕಾಗಿ ನಿಲ್ಲಿಸಬೇಕಾಗಿಲ್ಲ. ಆದರೆ ಕುಚ್ಚಲಕ್ಕಿ ಅನ್ನಕ್ಕೆ ಮೀನು ಕಲಸಿ ಹಾಕುವುದೇ ಮರಿಯ ಪೂರ್ತಿ ಊಟವಾಗಿದ್ದರೆ ಬದಲಾಯಿಸಿ. ಮುಳ್ಳು ಬಿಡಿಸಿದ ಮೀನು, ಅನ್ನ ಎರಡರಲ್ಲೂ ಬೆಳೆಯುವ ಮೂಳೆಗೆ ಬೇಕಾದಷ್ಟು ಕ್ಯಾಲ್ಸಿಯಂ ಇಲ್ಲ. ಅದನ್ನೇ ತಿಂದು ಬೆಳೆದ ಮರಿಯ ಮೂಳೆ ಮೆತ್ತಗಾಗಿ, ಕುಂಟಲು ಶುರು ಮಾಡಿ, ಸಣ್ಣ ಜಿಗಿತಕ್ಕೂ ಕಾಲು ಮುರಿದುಕೊಳ್ಳಬಹುದು. ಹಸಿ ಮೀನಿನದ್ದು ಇನ್ನೊಂದು ಕಥೆ. ಬೂತಾಯಿಯ ಬಳಗವೂ ಸೇರಿ ಕೆಲವು ಮೀನುಗಳಲ್ಲಿ ಬಿ1 ಜೀವಸತ್ವವನ್ನು ಒಡೆದುಹಾಕುವ ಥಯಾಮಿನೇಸ್ ಎಂಬ ಕಿಣ್ವ ಇರುತ್ತದೆ. ಬೇಯಿಸಿದರೆ ಅದು ನಾಶವಾಗುತ್ತದೆ. ಹಾಗಾಗಿ ಮೀನು ಕೊಯ್ಯುವಾಗ ಕಾಲಬುಡದಲ್ಲಿ ಸುತ್ತುವ ಮರಿಗೆ ಹಸಿ ತಲೆ, ಕರುಳು ಎಸೆಯುವ ಅಭ್ಯಾಸ ಬಿಡಿ. ಉಪ್ಪು ಹಾಕದೆ ಬೇಯಿಸಿ, ಮುಳ್ಳು ತೆಗೆದು, ವಾರಕ್ಕೆ ಒಂದೆರಡು ಸಲ ಕೊಟ್ಟರೆ ಮರಿಗೂ ಖುಷಿ. ಉಳಿದ ದಿನ ಬೆಕ್ಕಿನ ಮರಿಗೆಂದೇ ಮಾಡಿದ ಆಹಾರ ಇರಲಿ. ಗಸಿ ಸೋಕಿದ ಮೀನು ಬೇಡವೇ ಬೇಡ, ಈರುಳ್ಳಿ ಬೆಳ್ಳುಳ್ಳಿ ಎರಡೂ ಬೆಕ್ಕಿನ ಕೆಂಪು ರಕ್ತಕಣ ಒಡೆಯುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ ಇರುವಾಗ ಮಲ್ಪೆಯಲ್ಲೂ ಮಂಗಳೂರಿನ ದಕ್ಕೆಯಲ್ಲೂ ತಾಜಾ ಮೀನು ಕಡಿಮೆ, ಬೆಲೆ ಮೇಲೆ. ಆಗ ಒಣಮೀನು ಹಾಕುವ ಮನೆಗಳು ಇವೆ. ಅದರಲ್ಲಿರುವ ಉಪ್ಪು ಅಷ್ಟು ಚಿಕ್ಕ ಜೀವಕ್ಕೆ ತೀರಾ ಜಾಸ್ತಿ.

ಒಣ ಕಾಳಿನಂಥ ಕ್ಯಾಟ್ ಫುಡ್ ತಿಂದರೆ ಹಲ್ಲು ತಾನಾಗಿ ಸ್ವಚ್ಛ ಆಗುತ್ತದೆ ಎನ್ನುವುದನ್ನು ನಾನು ನಂಬುವುದಿಲ್ಲ. ಬೆಕ್ಕು ತಿನ್ನುವುದನ್ನು ಹತ್ತಿರದಿಂದ ನೋಡಿ. ಒಂದು ಸಲ ಕಟಕ್ ಎನ್ನುತ್ತದೆ, ನುಂಗುತ್ತದೆ. ಎಷ್ಟೋ ಕಾಳು ಹಾಗೇ ಇಡಿಯಾಗಿ ಹೊಟ್ಟೆಗೆ ಹೋಗುತ್ತವೆ. ಒಸಡಿನ ಅಂಚಿನ ಪಾಚಿಗೆ ಅದು ತಾಗುವುದೇ ಇಲ್ಲ.

ಆದ್ದರಿಂದ ಉಜ್ಜುವುದೇ ದಾರಿ. ಆದರೆ ನಿಮ್ಮ ಪೇಸ್ಟು ಬೇಡ. ನಾವು ಉಗುಳುತ್ತೇವೆ, ಬೆಕ್ಕು ಉಗುಳುವುದಿಲ್ಲ. ಅದರಲ್ಲಿರುವ ಫ್ಲೋರೈಡು, ನೊರೆ ಬರಿಸುವ ವಸ್ತು ಎಲ್ಲಾ ಹೊಟ್ಟೆಗೇ ಹೋಗುತ್ತದೆ. ಬೆಕ್ಕಿಗೆಂದೇ ಇರುವ, ಕೋಳಿ ರುಚಿಯ ಪೇಸ್ಟು ಪೆಟ್ ಶಾಪುಗಳಲ್ಲಿ ಸಿಗುತ್ತದೆ. ಸಿಗದಿದ್ದರೆ ಬರೀ ನೀರು ಸಾಕು. ಹಲ್ಲು ಬದಲಾಗಿ ನೋವು ಇರುವ ಈ ದಿನಗಳಲ್ಲಿ ಬ್ರಷ್ ಹಾಕಬೇಡಿ, ಒಮ್ಮೆ ನೋವಾದರೆ ಮುಂದೆ ಬ್ರಷ್ ಕಂಡ ಕೂಡಲೇ ಮಂಚದಡಿ ಸೇರಿಕೊಳ್ಳುತ್ತದೆ. ಸದ್ಯಕ್ಕೆ ಬೆರಳಿಗೆ ತೆಳು ಬಟ್ಟೆ ಸುತ್ತಿ, ಬೇಯಿಸಿದ ಕೋಳಿಯ ಉಪ್ಪಿಲ್ಲದ ನೀರಿನಲ್ಲಿ ಅದ್ದಿ, ತುಟಿಯ ಒಳಬದಿ ಮುಟ್ಟಿ ಅಭ್ಯಾಸ ಮಾಡಿಸಿ. ಏಳು ತಿಂಗಳಾದ ಮೇಲೆ ಮೆದುವಾದ ಪುಟ್ಟ ಬ್ರಷ್. ಹಲ್ಲಿನ ಹೊರಬದಿ ಮಾತ್ರ ಉಜ್ಜಿದರೂ ಸಾಕು, ಒಳಬದಿಯನ್ನು ಬೆಕ್ಕಿನ ದೊರಗು ನಾಲಿಗೆ ಸುಮಾರಾಗಿ ನೋಡಿಕೊಳ್ಳುತ್ತದೆ. ಪಾಚಿ ಕೆಲವೇ ದಿನಗಳಲ್ಲಿ ಗಟ್ಟಿಯಾಗಿ ಕಿಟ್ಟವಾಗುತ್ತದೆ, ಹಾಗಾಗಿ ತಿಂಗಳಿಗೊಮ್ಮೆ ಜೋರಾಗಿ ತಿಕ್ಕುವುದಕ್ಕಿಂತ ದಿನಾ ಅರ್ಧ ನಿಮಿಷ ಮೇಲು.

ಹಲ್ಲುನೋವು ಎಂದು ಲವಂಗದ ಎಣ್ಣೆ ಹಚ್ಚಬೇಡಿ, ಅದು ಬೆಕ್ಕಿಗೆ ವಿಷ. ಅದಕ್ಕಿಂತ ದೊಡ್ಡ ಅಪಾಯ ಪ್ಯಾರಾಸಿಟಮಾಲ್. ಮಕ್ಕಳಿಗೆ ಕೊಡುವುದಲ್ವಾ, ಚೂರು ಕೊಟ್ಟರೆ ಏನಾಗುತ್ತದೆ ಎಂದು ಕೊಡುವವರಿದ್ದಾರೆ. ಬೆಕ್ಕಿನ ಪಿತ್ತಜನಕಾಂಗಕ್ಕೆ ಅದನ್ನು ಅರಗಿಸುವ ಶಕ್ತಿ ಇಲ್ಲ. ಒಂದು ಮಾತ್ರೆಯ ತುಂಡೇ ಜೀವ ತೆಗೆಯಬಹುದು.

ನಿಮ್ಮ ಮರಿ ಚೆನ್ನಾಗಿ ತಿನ್ನುತ್ತಾ, ಆಡುತ್ತಾ, ಹೊಸ ಹಲ್ಲಿನ ಜಾಗದಲ್ಲಿ ಮಾತ್ರ ಕೆಂಪಿದ್ದರೆ ಕಾಯಬಹುದು. ವಾರಕ್ಕೊಮ್ಮೆ ತುಟಿ ಎತ್ತಿ ಫೋಟೋ ತೆಗೆದಿಡಿ, ಹಳೆಯದಕ್ಕೆ ಹೋಲಿಸಿದರೆ ಹೆಚ್ಚಾಯಿತಾ ಇಳಿಯಿತಾ ಗೊತ್ತಾಗುತ್ತದೆ. ಕೆಂಪು ಎಲ್ಲಾ ಕಡೆ ಇದ್ದರೆ ಈ ವಾರವೇ ತೋರಿಸಿ. ಜೊಲ್ಲಿನಲ್ಲಿ ರಕ್ತ, ಮುಖ ಊತ, ತಟ್ಟೆಯ ಹತ್ತಿರ ಬಂದು ಮೂಸಿ ತಿನ್ನದೆ ಹಿಂದೆ ಸರಿಯುವುದು, ಇವು ಕಂಡರೆ ಅದೇ ದಿನ ಹೋಗಿ. ಇಡೀ ದಿನ ಏನೂ ತಿನ್ನದ ಮರಿಯನ್ನು ನಾಳೆ ನೋಡೋಣ ಎಂದು ಬಿಡುವ ಹಾಗಿಲ್ಲ. ಅರಿವಳಿಕೆ ಇಲ್ಲದೆ ಹಲ್ಲು ಕ್ಲೀನ್ ಮಾಡಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಹೊರಗೆ ಹೊಳೆಯುತ್ತದೆ, ರೋಗ ಇರುವುದು ಒಸಡಿನ ಅಡಿಯಲ್ಲಿ, ಅಲ್ಲಿಗೆ ಎಚ್ಚರವಿರುವ ಬೆಕ್ಕು ಸಲಕರಣೆ ಹಾಕಲು ಬಿಡುವುದಿಲ್ಲ.

ಹಾಲುಹಲ್ಲು ಬೀಳದೆ ಉಳಿದಿದ್ದರೆ ಒಂದು ಅನುಕೂಲ ಇದೆ. ಐದಾರು ತಿಂಗಳಿಗೆ ಹೇಗೂ ಮರಿಗೆ ಸಂತಾನಹರಣ ಆಪರೇಷನ್ ಮಾಡಿಸುತ್ತೀರಿ. ಅದೇ ಅರಿವಳಿಕೆಯಲ್ಲಿ ಆ ಹಲ್ಲನ್ನೂ ತೆಗೆಯಬಹುದು. ದಿನ ಗೊತ್ತು ಮಾಡುವಾಗಲೇ ಕೋರೆಹಲ್ಲಿನ ಫೋಟೋ ತೋರಿಸಿ ಡಾಕ್ಟರ ಹತ್ತಿರ ಕೇಳಿ.