ಬ್ರೇಕ್ ತೆಗೆದಾಗ ಕರುಳಿಗೇಕೆ ತೊಂದರೆ?

"ಹೋಟೆಲ್ ಊಟ ಆಗಿಬರಲಿಲ್ಲ ಅನ್ಸುತ್ತೆ ಡಾಕ್ಟ್ರೇ. ನಿನ್ನೆಯಿಂದ ಏಳು ಸಲ ಹೋಯ್ತು."

ಫೋನ್ ಮಾಡಿದವರು ಶ್ವಾಸಕೋಶದ ಕ್ಯಾನ್ಸರಿಗೆ ಇಮ್ಯುನೊಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಗಡ್ಡೆಯ ಮೇಲೆ ಬಿಡುವ ಚಿಕಿತ್ಸೆ) ತೆಗೆದುಕೊಳ್ಳುತ್ತಿದ್ದ ನಿವೃತ್ತ ಮೇಷ್ಟ್ರು. ಓಆರ್‌ಎಸ್ ಕುಡಿದು ಮಲಗಿ ಎನ್ನಲಿಲ್ಲ. ಈಗಲೇ ಬನ್ನಿ ಎಂದೆ.

ಕಾರಣ ಟಿ ಕೋಶಗಳು, ಅಂದರೆ ಸೋಂಕು ತಗುಲಿದ ಕೋಶಗಳನ್ನೂ ಕ್ಯಾನ್ಸರ್ ಕೋಶಗಳನ್ನೂ ಹುಡುಕಿ ಕೊಲ್ಲುವ ಬಿಳಿ ರಕ್ತಕಣಗಳು. ಇವು ವೈರಸ್ಸನ್ನು ಇಡಿಯಾಗಿ ನೋಡುವುದಿಲ್ಲ. ನಮ್ಮ ಜೀವಕೋಶಗಳು ತಮ್ಮೊಳಗಿನ ಪ್ರೋಟೀನನ್ನು ಚೂರು ಮಾಡಿ, ಎಂಎಚ್‌ಸಿ ಎಂಬ ತಟ್ಟೆಯಲ್ಲಿಟ್ಟು ಹೊರಗೆ ತೋರಿಸುತ್ತಿರುತ್ತವೆ. ಒಂದು ಚೂರು ಸಾಮಾನ್ಯವಾಗಿ 8ರಿಂದ 10 ಅಮೈನೊ ಆಮ್ಲದಷ್ಟು ಉದ್ದ, ಅಷ್ಟೇ. ಟಿ ಕೋಶ ಚೂರನ್ನೂ ತಟ್ಟೆಯನ್ನೂ ಒಟ್ಟಿಗೆ ತಡವಿ ನೋಡುತ್ತದೆ. ಚೂರು ಅದೇ ಇದ್ದು ತಟ್ಟೆ ಬೇರೆಯಾದರೆ ಗುರುತು ಸಿಗುವುದಿಲ್ಲ. 1974ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿದವರು ಪೀಟರ್ ಡೋಹರ್ಟಿ ಮತ್ತು ರಾಲ್ಫ್ ಜಿಂಕರ್‌ನಾಗೆಲ್.

ಗುರುತು ಸಿಕ್ಕಿದರೂ ಸಾಲದು, ಟಿ ಕೋಶದ ಮೈಮೇಲಿರುವ ಸಿಡಿ28 ಎಂಬ ಅಣುವಿನ ಮೂಲಕ ಇನ್ನೊಂದು ಒಪ್ಪಿಗೆ ಬೇಕು. ಸೋಂಕಿನ ಸುಳಿವು ಸಿಕ್ಕ ಡೆಂಡ್ರೈಟಿಕ್ ಕೋಶ (ಟಿ ಕೋಶಗಳಿಗೆ ಸುದ್ದಿ ಮುಟ್ಟಿಸುವ ಕಾವಲು ಕೋಶ) ಬಿ7 ಎಂಬ ಅಣುವನ್ನು ಚಾಚಿ ಆ ಒಪ್ಪಿಗೆ ಕೊಡುತ್ತದೆ. ಅದಿಲ್ಲದಿದ್ದರೆ ಟಿ ಕೋಶ ಮಂಕಾಗಿಬಿಡುತ್ತದೆ. 2006ರಲ್ಲಿ ಲಂಡನ್‌ನಲ್ಲಿ ಈ ಸಿಡಿ28ನ್ನೇ ನೇರವಾಗಿ ಒತ್ತುವ ಔಷಧಿಯನ್ನು ಆರು ಆರೋಗ್ಯವಂತರಿಗೆ ಕೊಟ್ಟರು. ಒಂದೂವರೆ ಗಂಟೆಯೊಳಗೆ ತಲೆನೋವು, ನಡುಕ. ಆಮೇಲೆ ಆರೂ ಜನ ಐಸಿಯು ಸೇರಿದರು. ಪುಣ್ಯಕ್ಕೆ ಎಲ್ಲರೂ ಬದುಕಿದರು.

ಇಂಥ ಶಕ್ತಿಗೆ ಬ್ರೇಕ್ ಬೇಡವೇ? ಕೆಲಸ ಶುರುವಾದ ಮೇಲೆ ಟಿ ಕೋಶವೇ ಸಿಟಿಎಲ್‌ಎ-4, ಪಿಡಿ-1 ಎಂಬ ಬ್ರೇಕುಗಳನ್ನು ಹೊರಗೆ ತರುತ್ತದೆ. ಸಿಟಿಎಲ್‌ಎ-4 ಬಂದು, ಸಿಡಿ28ಕ್ಕೆ ಸಿಗಬೇಕಾದ ಬಿ7ನ್ನು ತಾನೇ ಜಾಸ್ತಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಪಿಡಿ-1 ಬ್ರೇಕನ್ನು ಎಷ್ಟೋ ಗಡ್ಡೆಗಳು ತಾವೇ ಒತ್ತಿ ಬಚಾವಾಗುತ್ತವೆ. ಮೇಷ್ಟ್ರಿಗೆ ಕೊಟ್ಟ ಔಷಧಿ ಪಿಡಿ-1ನ್ನು ಮುಚ್ಚಿ, ಗಡ್ಡೆಗೆ ಬ್ರೇಕ್ ಸಿಗದಂತೆ ಮಾಡುತ್ತದೆ. ಆದರೆ ಗಡ್ಡೆಯ ಹತ್ತಿರ ಮಾತ್ರ ಮುಚ್ಚು ಎಂದು ಅದಕ್ಕೆ ಹೇಳಲಾಗುವುದಿಲ್ಲ, ಅಲ್ವಾ? ಕರುಳು, ಥೈರಾಯ್ಡ್, ಚರ್ಮ, ಅಪರೂಪಕ್ಕೆ ಹೃದಯದ ಮೇಲೂ ಟಿ ಕೋಶಗಳು ತಿರುಗಿಬೀಳುತ್ತವೆ.

ಮಲ ಪರೀಕ್ಷೆಯಲ್ಲಿ ಸೋಂಕು ಕಾಣಲಿಲ್ಲ. ಕ್ಯಾಮೆರಾ ಹಾಕಿ ನೋಡಿದರೆ ಕರುಳಿನ ಒಳಗೋಡೆ ಕೆಂಪಗೆ ಊದಿತ್ತು. ಸ್ಟೆರಾಯ್ಡ್ ಶುರು ಮಾಡಿದೆವು, ಇಮ್ಯುನೊಥೆರಪಿಯ ಮುಂದಿನ ಡ್ರಿಪ್ ತಡೆಹಿಡಿದೆವು. ಭೇದಿ ನಿಂತ ಮೇಲೆ ಮೇಷ್ಟ್ರು ಮೆಲ್ಲಗೆ ಹೇಳಿದರು: "ಹೇಳಿದ್ರೆ ಔಷಧಿ ನಿಲ್ಲಿಸ್ತೀರಿ ಅಂತ ಮೊದಲ ದಿನ ಸುಮ್ನಿದ್ದೆ."

ಈಗ ಮೊದಲ ಡ್ರಿಪ್ ಹಾಕುವ ಮುಂಚೆಯೇ ಪ್ರತಿಯೊಬ್ಬರಿಗೂ, ಅವರ ಮನೆಯವರಿಗೂ ಕೂರಿಸಿ ಹೇಳುತ್ತೇನೆ: ಭೇದಿಯಾದರೆ ಮರುದಿನಕ್ಕೆ ಕಾಯಬೇಡಿ, ರಾತ್ರಿಯಾದರೂ ಸರಿ, ಫೋನ್ ಮಾಡಿ.