ಅನಿಶ್ಚಿತ ಕಾಲದ ಅಂತರರಾಷ್ಟ್ರೀಯ ಸಂಬಂಧ: ನ್ಹಾವಾ ಶೇವಾದಿಂದ ಓದುವ ಕ್ರಮ

‘ಬದಲಾಗುತ್ತಿರುವ ವಿಶ್ವ ವ್ಯವಸ್ಥೆ ಮತ್ತು ಭಾರತ’ ಎಂಬ ಪ್ರಶ್ನೆ ಯುಪಿಎಸ್‌ಸಿ ಮೇನ್ಸ್‌ನ ಎರಡನೇ ಸಾಮಾನ್ಯ ಅಧ್ಯಯನ ಪತ್ರಿಕೆಯಲ್ಲೂ ಎಂ.ಎ. ರಾಜ್ಯಶಾಸ್ತ್ರದಲ್ಲೂ ಒಂದಲ್ಲ ಒಂದು ವೇಷದಲ್ಲಿ ಬಂದೇ ಬರುತ್ತದೆ. ಉತ್ತರಗಳು ಹೆಚ್ಚಾಗಿ ಒಂದೇ ಅಚ್ಚಿನವು: ಏಕಧ್ರುವ ಜಗತ್ತು ಮುಗಿಯಿತು, ಬಹುಧ್ರುವ ಜಗತ್ತು ಬಂತು, ಭಾರತಕ್ಕೆ ಇದು ಸುವರ್ಣಾವಕಾಶ. ಇದರಲ್ಲಿ ತಪ್ಪೇನೂ ಇಲ್ಲ, ಆದರೆ ಏನನ್ನೂ ಹೇಳಿದಂತೆಯೂ ಆಗಲಿಲ್ಲ.

ಮುಂಬೈ, ಪುಣೆ, ಗೋವಾದಲ್ಲಿದ್ದುಕೊಂಡು ಕನ್ನಡದಲ್ಲಿ ಓದುವವರಿಗೆ ಒಂದು ಅನುಕೂಲವಿದೆ. ಈ ವಿಷಯದ ಕಚ್ಚಾ ಸಾಮಗ್ರಿ ಇಲ್ಲೇ ಸುತ್ತಮುತ್ತ ಬಿದ್ದಿದೆ. ಮುಂಬೈ ಪಕ್ಕದ ನ್ಹಾವಾ ಶೇವಾ ಬಂದರಿನಿಂದ ಹೊರಡುವ ಒಂದು ಕಂಟೇನರ್ ಹಿಡಿದು ನಾಲ್ಕು ಪ್ರಶ್ನೆ ಕೇಳಿ: ಯಾವ ದಾರಿ, ಯಾರ ವಿಮೆ, ಯಾವ ಹಣ, ಜಗಳವಾದರೆ ಯಾರ ತೀರ್ಪು. ನಾಯಕರ ಭಾಷಣಗಳಿಗಿಂತ ಈ ನಾಲ್ಕರ ಉತ್ತರದಲ್ಲಿ ಆಗುತ್ತಿರುವ ಬದಲಾವಣೆ ನಾಳಿನ ಬಗ್ಗೆ ಹೆಚ್ಚು ತಿಳಿಸುತ್ತದೆ.

ದಾರಿ

2023ರ ನವೆಂಬರ್ 19ರಂದು ಯೆಮೆನ್‌ನ ಬಂಡುಕೋರರಾದ ಹೂಥಿಗಳು ಕೆಂಪು ಸಮುದ್ರದಲ್ಲಿ ‘ಗ್ಯಾಲಕ್ಸಿ ಲೀಡರ್’ ಹಡಗನ್ನು ವಶಪಡಿಸಿಕೊಂಡರು. ಮುಂದಿನ ಕೆಲವೇ ವಾರಗಳಲ್ಲಿ ದೊಡ್ಡ ಹಡಗು ಕಂಪನಿಗಳು ಸುಯೆಜ್ ಬಿಟ್ಟು ಆಫ್ರಿಕಾದ ಗುಡ್ ಹೋಪ್ ಭೂಶಿರ ಸುತ್ತಿ ಹೋಗತೊಡಗಿದವು. ‘ವ್ಯಾಪಾರಕ್ಕೆ ತೊಂದರೆಯಾಯಿತು’ ಎಂದು ಬರೆದು ನಿಲ್ಲಿಸಬೇಡಿ, ಲೆಕ್ಕ ಹಾಕಿ. ಮುಂಬೈಯಿಂದ ವಾಯವ್ಯ ಯುರೋಪಿಗೆ ಸುಯೆಜ್ ಮೂಲಕ ಸುಮಾರು 6,300 ನಾಟಿಕಲ್ ಮೈಲಿ, ಭೂಶಿರ ಸುತ್ತಿದರೆ ಸುಮಾರು 10,700. ಹೆಚ್ಚುವರಿ 4,400 ಮೈಲಿಯನ್ನು 14 ನಾಟ್ (ಗಂಟೆಗೆ 14 ನಾಟಿಕಲ್ ಮೈಲಿ) ವೇಗದಲ್ಲಿ ಕ್ರಮಿಸಲು 13 ದಿನ ಬೇಕು, 16 ನಾಟ್ ಆದರೆ ಹನ್ನೊಂದೂವರೆ.

ತಡವಾಗುವುದಕ್ಕಿಂತ ದೊಡ್ಡ ಪೆಟ್ಟು ಬೇರೆ ಕಡೆ ಬೀಳುತ್ತದೆ. ವಾರಕ್ಕೊಂದು ಹಡಗು ಬಿಡುವ ಸೇವೆಯಲ್ಲಿ ಹೋಗಿಬರುವ ಸುತ್ತು 56 ದಿನದ್ದಾದರೆ 8 ಹಡಗು ಸಾಕು. ಎರಡೂ ಕಡೆ ಸೇರಿ 24 ದಿನ ಕೂಡಿದರೆ ಸುತ್ತು 80 ದಿನದ್ದಾಗುತ್ತದೆ, ಅದೇ ವಾರದ ಸೇವೆಗೆ 12 ಹಡಗು ಬೇಕು. ಆ ನಾಲ್ಕು ಹಡಗು ಬೇರೆ ಯಾವುದೋ ದಾರಿಯಿಂದ ಬರಬೇಕು. ಕೆಂಪು ಸಮುದ್ರಕ್ಕೆ ಸಂಬಂಧವೇ ಇಲ್ಲದ ಮಾರ್ಗಗಳಲ್ಲೂ ಬಾಡಿಗೆ ಏರಿದ್ದು ಇದರಿಂದಲೇ. ‘ಪರಸ್ಪರಾವಲಂಬನೆ’ ಎಂಬ ಪಠ್ಯಪುಸ್ತಕದ ಪದಕ್ಕೆ ಇಷ್ಟು ಚೊಕ್ಕ ಉದಾಹರಣೆ ಇನ್ನೊಂದು ಸಿಗುವುದು ಕಷ್ಟ.

ನಮ್ಮ ದಡದ ಉದಾಹರಣೆಯೂ ಇದೆ. 2023ರ ಡಿಸೆಂಬರ್ 23ರಂದು ಸೌದಿಯಿಂದ ಮಂಗಳೂರಿಗೆ ಬರುತ್ತಿದ್ದ ‘ಕೆಮ್ ಪ್ಲೂಟೊ’ ಹಡಗಿನ ಮೇಲೆ ಗುಜರಾತ್ ಕರಾವಳಿಯಿಂದ ಸುಮಾರು 200 ನಾಟಿಕಲ್ ಮೈಲಿ ಆಚೆ ಡ್ರೋನ್ ದಾಳಿಯಾಯಿತು. ಹಡಗು ಮುಂಬೈಗೆ ಬಂದು ಲಂಗರು ಹಾಕಿತು. ಡ್ರೋನ್ ಇರಾನಿನಿಂದ ಬಂತು ಎಂದಿತು ಅಮೆರಿಕ, ಇರಾನ್ ಅಲ್ಲಗಳೆಯಿತು. ನೌಕಾಪಡೆ ಕಳಿಸಿದ ಯುದ್ಧನೌಕೆಗಳಲ್ಲಿ ಮಜಗಾಂವ್ ಡಾಕ್‌ನಲ್ಲಿ ಕಟ್ಟಿದ, ಗೋವಾದ ಬಂದರಿನ ಹೆಸರು ಹೊತ್ತ ಐಎನ್‌ಎಸ್ ಮೊರ್ಮುಗಾವ್ ಕೂಡ ಇತ್ತು. ಹೊಣೆ ಯಾರದೆಂದು ಖಚಿತವಾಗದ, ಯುದ್ಧವೆಂದು ಘೋಷಣೆಯೂ ಆಗದ ಇಂಥ ದಾಳಿಗೆ ಉತ್ತರ ಕೊಡುವುದು ಹೇಗೆ ಎಂಬುದು ಮುಂದಿನ ದಶಕದ ಭದ್ರತೆಯ ಮುಖ್ಯ ಪ್ರಶ್ನೆಗಳಲ್ಲಿ ಒಂದು.

ವಿಮೆ

ವಿದ್ಯಾರ್ಥಿಗಳು ಮುಟ್ಟದೆ ಬಿಡುವ ಭಾಗ ಇದು. ಆದರೆ ನನಗೆ ಇಡೀ ವಿಷಯದ ಕೀಲಿಕೈ ಇಲ್ಲೇ ಇದೆ ಎನಿಸುತ್ತದೆ.

ಯುದ್ಧಾಪಾಯದ ವಿಮೆಯ ಕಂತು ಹಡಗಿನ ಬೆಲೆಯ ಶೇಕಡಾವಾರು ಲೆಕ್ಕದಲ್ಲಿರುತ್ತದೆ. ಕೆಂಪು ಸಮುದ್ರದಲ್ಲಿ ಇದು 2024ರ ಆರಂಭದಲ್ಲಿ ಶೇ. 0.7ರಿಂದ 1ರವರೆಗೆ ಏರಿತ್ತು. 10 ಕೋಟಿ ಡಾಲರ್‌ನ ಹಡಗಿಗೆ ಒಂದು ಸಲ ದಾಟಲು 7ರಿಂದ 10 ಲಕ್ಷ ಡಾಲರ್. ಇದಲ್ಲದೆ ತೈಲ ಸೋರಿಕೆ, ಡಿಕ್ಕಿ ಮುಂತಾದ ಹೊಣೆಗಾರಿಕೆಗೆ ಬೇರೆ ವಿಮೆ ಬೇಕು. ಜಗತ್ತಿನ ಸಾಗರಯಾನಿ ಹಡಗುಗಳ ಸುಮಾರು ಶೇ. 90ರಷ್ಟು ಟನ್ನೇಜ್‌ಗೆ ಈ ರಕ್ಷಣೆ ಕೊಡುವುದು ‘ಪಿ ಅಂಡ್ ಐ ಕ್ಲಬ್’ಗಳ (ಹಡಗು ಮಾಲೀಕರೇ ಸೇರಿ ನಡೆಸುವ ವಿಮಾ ಸಂಘಗಳ) ಒಂದೇ ಅಂತರರಾಷ್ಟ್ರೀಯ ಒಕ್ಕೂಟ, ಅದರ ಬೇರು ಪಶ್ಚಿಮ ದೇಶಗಳಲ್ಲಿ.

2022ರ ಡಿಸೆಂಬರ್ 5ರಿಂದ ಜಿ7, ಐರೋಪ್ಯ ಒಕ್ಕೂಟ ಮತ್ತು ಆಸ್ಟ್ರೇಲಿಯಾ ರಷ್ಯಾದ ಕಚ್ಚಾ ತೈಲಕ್ಕೆ ಬ್ಯಾರೆಲ್‌ಗೆ 60 ಡಾಲರ್ ಮಿತಿ ಹಾಕಿದ್ದು ಈ ಹಿಡಿತವನ್ನು ಬಳಸಿಕೊಂಡೇ. ಬೇರೆ ದೇಶಗಳು ಕೊಳ್ಳುವುದನ್ನು ನಿಷೇಧಿಸಲಿಲ್ಲ. ಮಿತಿಗಿಂತ ಹೆಚ್ಚು ಕೊಟ್ಟು ಕೊಂಡರೆ ನಮ್ಮ ಹಡಗು, ನಮ್ಮ ವಿಮೆ ಸಿಗದು ಎಂದರು, ಅಷ್ಟೆ. ತೈಲ ಹರಿಯಬೇಕು, ರಷ್ಯಾದ ಆದಾಯ ಮಾತ್ರ ಇಳಿಯಬೇಕು ಎಂಬ ಲೆಕ್ಕ. ಕೆಟ್ಟಿದ್ದು ಎಲ್ಲಿ? ರಷ್ಯಾ ಹಳೆಯ ಟ್ಯಾಂಕರುಗಳ ‘ನೆರಳು ಪಡೆ’ ಕಟ್ಟಿಕೊಂಡಿತು, ತನ್ನದೇ ಕಂಪನಿಗಳಿಂದ ವಿಮೆ ಮಾಡಿಸಿತು. ಅಂಥ ವಿಮೆ ಹೊತ್ತ ಹಡಗು ಭಾರತದ ಬಂದರಿಗೆ ಬರಬಹುದೇ ಎಂದು ತೀರ್ಮಾನಿಸುವ ಕಚೇರಿ ಇರುವುದು ಮುಂಬೈಯ ಕಂಜೂರ್‌ಮಾರ್ಗ್‌ನಲ್ಲಿ: ನೌಕಾಯಾನ ಮಹಾನಿರ್ದೇಶನಾಲಯ. ‘ಕಾರ್ಯತಂತ್ರದ ಸ್ವಾಯತ್ತತೆ’ (ಯಾವ ಬಣಕ್ಕೂ ಕಟ್ಟುಬೀಳದೆ ಸ್ವಂತ ನಿರ್ಧಾರ ತೆಗೆದುಕೊಳ್ಳುವುದು) ಎಂಬ ದೊಡ್ಡ ಮಾತು ಕೊನೆಗೆ ಇಂಥ ಅನುಮತಿ ಪತ್ರದಲ್ಲಿ ರೂಪ ಪಡೆಯುತ್ತದೆ. 2022ಕ್ಕೆ ಮೊದಲು ಭಾರತದ ಕಚ್ಚಾ ತೈಲ ಆಮದಿನಲ್ಲಿ ರಷ್ಯಾದ ಪಾಲು ಶೇ. 2ರ ಆಸುಪಾಸಿನಲ್ಲಷ್ಟೇ ಇತ್ತು, 2023–24ರಲ್ಲಿ ಮೂರನೇ ಒಂದು ಭಾಗ ದಾಟಿತು. ಅದರ ಬೆಲೆಯೂ ಬಂತು: ಇದೇ ಕಾರಣ ಮುಂದಿಟ್ಟು ಅಮೆರಿಕ 2025ರ ಆಗಸ್ಟ್ 27ರಿಂದ ಭಾರತದ ಸರಕಿನ ಮೇಲೆ ಹೆಚ್ಚುವರಿ ಶೇ. 25 ಸುಂಕ ಹೇರಿತು, ಒಟ್ಟು ಶೇ. 50 ಆಯಿತು. ಸುಂಕದ ದರ ಬರೆಯುವಾಗ ತಾರೀಖು ಬಿಡಬೇಡಿ, ಅದು ತಿಂಗಳಲ್ಲೇ ಬದಲಾಗುವ ಸಂಗತಿ.

ಇಲ್ಲೊಂದು ಗೊಂದಲ ಸಾಮಾನ್ಯ. ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಹೇರುವ ನಿರ್ಬಂಧ ಎಲ್ಲ ಸದಸ್ಯ ರಾಷ್ಟ್ರಗಳಿಗೂ ಕಡ್ಡಾಯ. ಅಮೆರಿಕವೋ ಐರೋಪ್ಯ ಒಕ್ಕೂಟವೋ ಸ್ವಂತವಾಗಿ ಹೇರಿದ್ದು ಹಾಗಲ್ಲ, ಏಕಪಕ್ಷೀಯ ನಿರ್ಬಂಧವನ್ನು ಭಾರತ ತಾತ್ವಿಕವಾಗಿ ಒಪ್ಪುವುದೂ ಇಲ್ಲ. ಆದರೆ ಸರ್ಕಾರ ಒಪ್ಪದಿದ್ದರೂ ಬ್ಯಾಂಕು ಒಪ್ಪುತ್ತದೆ, ಏಕೆಂದರೆ ಅದಕ್ಕೆ ಡಾಲರ್ ಬೇಕು. ಇರಾನ್ ನಿರ್ಬಂಧದಿಂದ ಅಮೆರಿಕ ಕೊಟ್ಟಿದ್ದ ವಿನಾಯಿತಿ ಮುಗಿದ ಮೇಲೆ, 2019ರ ಮೇ ತಿಂಗಳಲ್ಲಿ, ಇರಾನಿನ ತೈಲ ಭಾರತಕ್ಕೆ ಬರುವುದು ನಿಂತಿತು. ಆ ತೈಲದ ಹಳೆಯ ಗಿರಾಕಿಗಳಲ್ಲಿ ಮಂಗಳೂರಿನ ತೈಲ ಸಂಸ್ಕರಣಾ ಕಂಪನಿ ಎಂಆರ್‌ಪಿಎಲ್ ಕೂಡ ಇತ್ತು.

ಹಣ

ಮುಂಬೈಯ ರಿಸರ್ವ್ ಬ್ಯಾಂಕ್ 2022ರ ಜುಲೈ 11ರ ಸುತ್ತೋಲೆಯಲ್ಲಿ ರೂಪಾಯಿಯಲ್ಲೇ ವಿದೇಶಿ ವ್ಯಾಪಾರ ತೀರಿಸುವ ದಾರಿ ತೆರೆಯಿತು. ಕೆಲಸ ಮಾಡುವ ರೀತಿ ಹೀಗೆ: ವಿದೇಶಿ ಬ್ಯಾಂಕು ನಮ್ಮ ಬ್ಯಾಂಕಿನಲ್ಲಿ ವಿಶೇಷ ವೋಸ್ಟ್ರೋ ಖಾತೆ (ರೂಪಾಯಿ ಖಾತೆ) ತೆರೆಯುತ್ತದೆ, ಭಾರತದ ಆಮದುದಾರ ಅದಕ್ಕೆ ರೂಪಾಯಿ ಕಟ್ಟುತ್ತಾನೆ, ನಮ್ಮ ರಫ್ತುದಾರನಿಗೆ ಅದೇ ಖಾತೆಯಿಂದ ಪಾವತಿಯಾಗುತ್ತದೆ. ಎರಡೂ ಕಡೆ ವ್ಯಾಪಾರ ಸಮವಾಗಿದ್ದರೆ ಸಲೀಸು. ರಷ್ಯಾದ ವಿಷಯದಲ್ಲಿ ಸಮವಿರಲಿಲ್ಲ. 2024–25ರಲ್ಲಿ ಆಮದು ಸುಮಾರು 64 ಬಿಲಿಯನ್ ಡಾಲರ್, ರಫ್ತು 5 ಬಿಲಿಯನ್‌ಗೂ ತುಸು ಕಡಿಮೆ. ರೂಪಾಯಿ ಇಲ್ಲೇ ರಾಶಿ ಬೀಳುತ್ತದೆ. 2023ರ ಮೇ ತಿಂಗಳಲ್ಲಿ ಶಾಂಘೈ ಸಹಕಾರ ಸಂಘಟನೆಯ ಸಭೆಗೆ ಗೋವಾಕ್ಕೆ ಬಂದಿದ್ದ ರಷ್ಯಾದ ವಿದೇಶಾಂಗ ಸಚಿವ ಲಾವ್ರೊವ್ ಈ ಸಮಸ್ಯೆಯನ್ನೇ ಎತ್ತಿದ್ದರು.

ಹಾಗಾಗಿ ‘ಡಾಲರ್ ಯುಗ ಮುಗಿಯಿತು’ ಎಂದು ಬರೆಯುವ ಮುನ್ನ ತಡೆಯಿರಿ. ಕೇಂದ್ರ ಬ್ಯಾಂಕುಗಳ ಮೀಸಲಿನಲ್ಲಿ ಡಾಲರ್ ಪಾಲು 2000ದ ಹೊತ್ತಿಗೆ ಸುಮಾರು ಶೇ. 70 ಇತ್ತು, 2024ರ ಕೊನೆಗೆ ಸುಮಾರು ಶೇ. 58. ಇಳಿದದ್ದು ನಿಜ, ಆದರೆ ಚೀನಾದ ಯುವಾನ್ ಪಾಲು ಶೇ. 2ರ ಆಸುಪಾಸಿನಲ್ಲೇ ಇದೆ. ಬ್ರಿಕ್ಸ್ ಕರೆನ್ಸಿ ಎಂಬುದು ಸದ್ಯಕ್ಕೆ ಸುದ್ದಿ ಮಾತ್ರ.

ತೀರ್ಪು

ಭದ್ರತಾ ಮಂಡಳಿಯ ಸುಧಾರಣೆ ಎಲ್ಲರಿಗೂ ಬಾಯಿಪಾಠ, ಒಂದೇ ಸಾಲು ಸಾಕು: ಸನ್ನದು ತಿದ್ದಲು ಮೂರನೇ ಎರಡರಷ್ಟು ಸದಸ್ಯರ ಅನುಮೋದನೆ ಬೇಕು, ಅದರಲ್ಲಿ ಐದೂ ಕಾಯಂ ರಾಷ್ಟ್ರಗಳಿರಲೇಬೇಕು.

ಇದಕ್ಕಿಂತ ವಿಶ್ವ ವ್ಯಾಪಾರ ಸಂಸ್ಥೆಯ ಕಥೆ ಉಪಯುಕ್ತ. ಅದರ ಮೇಲ್ಮನವಿ ಮಂಡಳಿಗೆ ಏಳು ಸದಸ್ಯರು, ಒಂದು ಪ್ರಕರಣ ಕೇಳಲು ಮೂವರು ಬೇಕು. ಅಮೆರಿಕ ನೇಮಕಾತಿ ತಡೆದದ್ದರಿಂದ 2019ರ ಡಿಸೆಂಬರ್‌ನಿಂದ ಅದು ನಿಂತೇಹೋಗಿದೆ. ಪರಿಣಾಮ: ಕೆಳಗಿನ ಸಮಿತಿಯಲ್ಲಿ ಸೋತವರು ಮೇಲ್ಮನವಿ ಹಾಕಿದರೆ ಪ್ರಕರಣ ಶೂನ್ಯದಲ್ಲಿ ತೂಗಾಡುತ್ತದೆ. ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ಹೂಡಿದ ಸಕ್ಕರೆ ಪ್ರಕರಣದಲ್ಲಿ 2021ರ ಡಿಸೆಂಬರ್ ತೀರ್ಪು ಭಾರತದ ವಿರುದ್ಧ ಬಂತು. ಕಬ್ಬಿಗೆ ಕೊಡುವ ಬೆಂಬಲ ಉತ್ಪಾದನಾ ಮೌಲ್ಯದ ಶೇ. 10ರ ಮಿತಿ ಮೀರಿದೆ ಎಂಬುದು ಮುಖ್ಯ ಆಕ್ಷೇಪ. ಭಾರತ ಮೇಲ್ಮನವಿ ಹಾಕಿತು, ಕೇಳುವವರಿಲ್ಲ. ಕೊಲ್ಹಾಪುರ–ಬೆಳಗಾವಿ ಪಟ್ಟಿಯ ಕಬ್ಬು ಬೆಳೆಗಾರನಿಗೆ ಇದು ಲಾಭವೇ. ಆದರೆ ನಾಳೆ ನಮ್ಮ ರಫ್ತಿಗೆ ಅನ್ಯಾಯವಾದರೆ ಎದುರಾಳಿಯೂ ಇದೇ ಬಾಗಿಲಿನಿಂದ ನುಸುಳುತ್ತಾನೆ. ನಿಯಮ ಕುಸಿದಾಗ ಯಾರಿಗೆ ಎಷ್ಟು ದಿನ ಅನುಕೂಲ ಎಂದು ಕೇಳುವುದು ಒಳ್ಳೆಯ ಉತ್ತರದ ಲಕ್ಷಣ.

ನಾಲ್ಕು ಪ್ರಶ್ನೆಗೂ ಸಿಗದ ಒಂದು ಸಂಗತಿ ಪುಣೆಯವರಿಗೆ ಹತ್ತಿರದ್ದು. 2025ರ ಏಪ್ರಿಲ್‌ನಲ್ಲಿ ಚೀನಾ ಏಳು ವಿರಳ ಭೂಲೋಹಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದಾಗ ಚಾಕಣದಂಥ ವಾಹನ ಕೈಗಾರಿಕಾ ಪಟ್ಟಿಗಳಲ್ಲಿ ಈ ಲೋಹಗಳಿಂದಾಗುವ ಮೋಟಾರಿನ ಆಯಸ್ಕಾಂತದ ಚಿಂತೆ ಶುರುವಾಯಿತು. ದಾರಿ ತೆರೆದಿದೆ, ಹಣವೂ ಇದೆ, ಮಾರುವವನೇ ಒಬ್ಬ.

ಭವಿಷ್ಯವನ್ನು ಬರೆಯುವುದು

ಮೇನ್ಸ್ ಪ್ರಶ್ನೆಪತ್ರಿಕೆಯಲ್ಲಿ ಮೂರು ಗಂಟೆಗೆ 20 ಪ್ರಶ್ನೆ. 15 ಅಂಕದ 250 ಪದಗಳ ಉತ್ತರಕ್ಕೆ ಹನ್ನೊಂದು ನಿಮಿಷದ ಮೇಲೆ ಸಿಗುವುದಿಲ್ಲ. ಭವಿಷ್ಯ ನುಡಿಯಬೇಡಿ, ಷರತ್ತು ಬರೆಯಿರಿ. ಮಾದರಿ: ‘ಅಮೆರಿಕ–ಚೀನಾ ಪೈಪೋಟಿ ಬಿಗಿಯಾಗಿ ಮುಂದುವರಿದು ವ್ಯಾಪಾರ ತೀರ್ಪಿನ ವ್ಯವಸ್ಥೆ ದುರ್ಬಲವಾಗಿಯೇ ಉಳಿದರೆ, ದ್ವಿಪಕ್ಷೀಯ ಒಪ್ಪಂದಗಳೇ ನಿಯಮಗಳ ಜಾಗಕ್ಕೆ ಬರುತ್ತವೆ. ಭಾರತ ಹಲವರೊಡನೆ ಏಕಕಾಲಕ್ಕೆ ವ್ಯವಹರಿಸಬಹುದು, ಆದರೆ ಪ್ರತಿ ಸಲವೂ ಚೌಕಾಸಿಯ ವೆಚ್ಚ ಹೊರಬೇಕು.’ ಇದರ ಬೆನ್ನಿಗೆ ಒಂದು ಸೂಚಕ ಕೊಡಿ, ಉದಾಹರಣೆಗೆ ಯುದ್ಧಾಪಾಯ ವಿಮೆಯ ದರ ಅಥವಾ ಮೀಸಲಿನಲ್ಲಿ ಡಾಲರ್ ಪಾಲು. ಸೂಚಕವಿಲ್ಲದ ಷರತ್ತು ಬರೀ ಅಭಿಪ್ರಾಯ. ವಾಸ್ತವವಾದ, ಉದಾರವಾದದ ವ್ಯಾಖ್ಯೆಗಳಿಗೆ ಎರಡು ಸಾಲಿಗಿಂತ ಹೆಚ್ಚು ಜಾಗ ಬೇಡ.

ಅಭ್ಯಾಸಕ್ಕೆ ಒಂದು ಪ್ರಶ್ನೆ: ‘ಉತ್ತರ–ದಕ್ಷಿಣ ಸಾರಿಗೆ ಕಾರಿಡಾರ್ ಮತ್ತು ಐಮೆಕ್ ಎರಡನ್ನೂ ಭಾರತ ಒಟ್ಟಿಗೆ ಮುನ್ನಡೆಸಬಲ್ಲದೇ?’ ಮೊದಲು ನಕ್ಷೆ ಬರೆಯಿರಿ. ಒಂದನೆಯದು ಮುಂಬೈ–ಬಂದರ್ ಅಬ್ಬಾಸ್–ಮಾಸ್ಕೋ, ಸುಮಾರು 7,200 ಕಿ.ಮೀ., ಒಪ್ಪಂದ 2000ದ್ದು. ಎರಡನೆಯದು ಭಾರತ–ಮಧ್ಯಪ್ರಾಚ್ಯ–ಯುರೋಪ್ ಆರ್ಥಿಕ ಕಾರಿಡಾರ್, 2023ರ ಸೆಪ್ಟೆಂಬರ್ 9ರಂದು ದೆಹಲಿ ಜಿ20ರಲ್ಲಿ ಘೋಷಣೆಯಾದದ್ದು, ನಾಲ್ಕು ವಾರಕ್ಕೆ ಗಾಜಾ ಯುದ್ಧ ಶುರುವಾಯಿತು. ಇರಾನಿನ ಚಾಬಹಾರ್ ಬಂದರಿಗೆ ಭಾರತ ಹತ್ತು ವರ್ಷದ ಒಪ್ಪಂದ ಮಾಡಿಕೊಂಡದ್ದು 2024ರ ಮೇ 13ರಂದು. ಅದಕ್ಕೆ ಅಮೆರಿಕ ಕೊಟ್ಟಿದ್ದ ನಿರ್ಬಂಧದ ವಿನಾಯಿತಿ 2025ರ ಸೆಪ್ಟೆಂಬರ್ 29ಕ್ಕೆ ರದ್ದಾಯಿತು, ಬಳಿಕ ಆರು ತಿಂಗಳ ತಾತ್ಕಾಲಿಕ ವಿನಾಯಿತಿ ಬಂತು. ಘೋಷಣೆಯಾದದ್ದನ್ನೂ ಕಟ್ಟಿ ಮುಗಿದದ್ದನ್ನೂ ಒಂದೇ ಗೆರೆಯಲ್ಲಿ ತೋರಿಸಿದರೆ ಅಂಕ ಹೋಗುತ್ತದೆ. ಐಮೆಕ್‌ನ ಸೌದಿ–ಜೋರ್ಡಾನ್ ರೈಲು ಸಂಪರ್ಕಕ್ಕೂ, ಇರಾನಿನ ರಶ್ತ್–ಅಸ್ತಾರಾ ನಡುವಿನ ಸುಮಾರು 160 ಕಿ.ಮೀ. ರೈಲು ಹಳಿಗೂ ಚುಕ್ಕೆ ಗೆರೆ ಹಾಕಿ.